ಚೀನಾದ ಹಳ್ಳಿ ಬದಲಾದದ್ದು ಹೇಗೆ? ಜಮೀನು, ಹುಕೌ ಮತ್ತು ಬೇಸಾಯ ಬಿಟ್ಟು ದುಡಿಯುವ ಮೂವತ್ತು ಕೋಟಿ ಜನ

2022ರಲ್ಲಿ ಚೀನಾದ ಜನಸಂಖ್ಯೆ ಇಳಿಯಿತು. 1961ರ ನಂತರ ಹೀಗಾದದ್ದು ಅದೇ ಮೊದಲು. ಮರುವರ್ಷ ಭಾರತ ಚೀನಾವನ್ನು ದಾಟಿ ಮೊದಲ ಸ್ಥಾನಕ್ಕೆ ಬಂತು. ಆಗಿನಿಂದ ಚೀನಾದ ಹಳ್ಳಿಗಳ ಸುದ್ದಿ ನಮ್ಮ ಕಣ್ಣಿಗೂ ಜಾಸ್ತಿ ಬೀಳುತ್ತಿದೆ. ವಯಸ್ಸಾದವರೇ ಉಳಿದ ಊರು, ಬೀಗ ಬಿದ್ದ ಶಾಲೆ, ಮದುವೆಗೆ ಹೆಣ್ಣು ಸಿಗದ ಗಂಡಸರು. ಇನ್ನೊಂದು ಕಡೆ ಗದ್ದೆಗೆ ಡ್ರೋನಿನಲ್ಲಿ ಔಷಧಿ ಹೊಡೆಯುವ ವಿಡಿಯೊ, ಮೂರಂತಸ್ತಿನ ಮನೆಗಳ ಸಾಲು, ಮೊಬೈಲ್ ಎದುರು ನಿಂತು ತೋಟದಿಂದಲೇ ಹಣ್ಣು ಮಾರುವ ರೈತ.

ಎರಡೂ ನಿಜ. ಒಂದೇ ಊರಲ್ಲಿ ಎರಡೂ ಇರಬಹುದು. ಇದು ಹೇಗೆ ಸಾಧ್ಯ ಅಂತ ತಿಳಿಯಬೇಕಾದರೆ ಎರಡು ಪ್ರಶ್ನೆ ಹಿಡಿದು ಹೊರಟರೆ ಸಾಕು. ಜಮೀನು ಯಾರದು? ಹಳ್ಳಿಯಲ್ಲಿ ಹುಟ್ಟಿದವರು ಎಲ್ಲಿ ಬದುಕಬಹುದು (ಇದು ಹುಕೌ ಅನ್ನುವ ಕುಟುಂಬ ನೋಂದಣಿಯ ಪ್ರಶ್ನೆ)? ಕಳೆದ 75 ವರ್ಷಗಳಲ್ಲಿ ಈ ಎರಡು ಪ್ರಶ್ನೆಗಳ ಉತ್ತರ ಬದಲಾದಾಗಲೆಲ್ಲ ಚೀನಾದ ಹಳ್ಳಿಯೂ ಬದಲಾಗಿದೆ.

ಅಲ್ಲಿ ಹಳ್ಳಿ ಅಂದರೆ ಯಾವುದು?

ಚೀನಾದಲ್ಲಿ ಎರಡು ಬಗೆಯ ಹಳ್ಳಿಗಳಿವೆ. ಒಂದು, ತಲೆಮಾರುಗಳಿಂದ ಜನ ಒಟ್ಟಿಗೆ ಮನೆ ಕಟ್ಟಿಕೊಂಡು ಬಂದ ಊರು. ಇನ್ನೊಂದು, ಅಂಥ ಕೆಲವು ಊರುಗಳನ್ನು ಸೇರಿಸಿ ಸರ್ಕಾರ ಮಾಡಿದ ಆಡಳಿತದ ಹಳ್ಳಿ. ಮೊದಲನೆಯದು ಬಾಂಧವ್ಯದ್ದು, ಎರಡನೆಯದು ಲೆಕ್ಕಪತ್ರದ್ದು. ದಕ್ಷಿಣದ ಗುವಾಂಗ್‌ಡಾಂಗ್, ಫೂಜಿಯನ್ ಪ್ರಾಂತ್ಯಗಳಲ್ಲಿ ಎಷ್ಟೋ ಊರುಗಳ ಗಂಡಸರೆಲ್ಲ ಒಂದೇ ಮನೆತನದವರು. ಊರ ನಡುವೆ ಹಿರಿಯರ ಹೆಸರು ಬರೆದ ಹಲಗೆಗಳನ್ನಿಟ್ಟು ಪೂಜಿಸುವ ದೊಡ್ಡ ಮನೆ ಇರುತ್ತದೆ. ಮಾವೋ ಕಾಲದಲ್ಲಿ ಇಂಥ ಎಷ್ಟೋ ಮನೆಗಳು ಕಣಜಗಳಾದವು, ಶಾಲೆಗಳಾದವು, ಕೆಲವು ನೆಲಸಮವಾದವು. 1980ರ ನಂತರ ಊರವರೇ ದುಡ್ಡು ಹಾಕಿ ಅವನ್ನು ಮತ್ತೆ ಎಬ್ಬಿಸಿದರು.

ಜಮೀನಿನ ಅಳತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಲೆಕ್ಕ ಹಾಕುವುದು 'ಮು'ಗಳಲ್ಲಿ. ಒಂದು ಮು ಅಂದರೆ ಸುಮಾರು ಆರೂವರೆ ಗುಂಟೆ. ಆರು ಮು ಸೇರಿದರೆ ನಮ್ಮ ಒಂದು ಎಕರೆ. ಒಂದು ರೈತ ಕುಟುಂಬದ ಪಾಲಿಗೆ ಸರಾಸರಿ ಬರುವುದು ಒಂದೂಕಾಲು ಎಕರೆ ಆಸುಪಾಸು. ಅದೂ ಒಂದೇ ಕಡೆ ಇರುವುದಿಲ್ಲ, ಊರ ಸುತ್ತ ಹರಿದು ಹಂಚಿರುತ್ತದೆ.

1936ರ ಒಂದು ಊರು

ಕಮ್ಯುನಿಸ್ಟರು ಬರುವುದಕ್ಕೆ ಮುಂಚೆ ಹಳ್ಳಿ ಹೇಗಿತ್ತು ಅನ್ನುವುದಕ್ಕೆ ಒಂದು ಒಳ್ಳೆಯ ಸಾಕ್ಷಿ ಇದೆ. ಶಾಂಘೈಗೆ ಹೆಚ್ಚು ದೂರವಿಲ್ಲದ, ಜಿಯಾಂಗ್ಸು ಪ್ರಾಂತ್ಯದ ಕೈಶ್ಯೆನ್‌ಗೊಂಗ್ ಅನ್ನುವ ಊರು. 1936ರಲ್ಲಿ ಫೇ ಶ್ಯಾವ್‌ಟೊಂಗ್ ಎಂಬ ಯುವ ಸಮಾಜಶಾಸ್ತ್ರಜ್ಞ ಅಲ್ಲಿಗೆ ಹೋದ. ಮನೆಮನೆ ಸುತ್ತಿ ಯಾರ ಬಳಿ ಎಷ್ಟು ಜಮೀನಿದೆ, ಏನು ಉಣ್ಣುತ್ತಾರೆ, ಯಾರಿಗೆ ಎಷ್ಟು ಸಾಲ ಕೊಡಬೇಕು ಅಂತೆಲ್ಲ ಬರೆದುಕೊಂಡ. ಆಗ ಊರಲ್ಲಿ ಸುಮಾರು 360 ಮನೆಗಳಿದ್ದವು.

ಅವನು ಕಂಡದ್ದು ಇದು. ಈ ಊರು ಭತ್ತದಿಂದ ಹೊಟ್ಟೆ ತುಂಬಿಸಿಕೊಳ್ಳುತ್ತಿತ್ತು, ಆದರೆ ಕೈಗೆ ಕಾಸು ಬರುತ್ತಿದ್ದದ್ದು ರೇಷ್ಮೆಯಿಂದ. ಹೆಂಗಸರು ಮನೆಯಲ್ಲೇ ಹುಳ ಸಾಕಿ, ಗೂಡಿನಿಂದ ನೂಲು ಬಿಚ್ಚಿ ಮಾರುತ್ತಿದ್ದರು. ಆ ಹೊತ್ತಿಗೆ ಜಪಾನಿನ ಕಾರ್ಖಾನೆ ನೂಲಿನ ಎದುರು ಮನೆಯ ನೂಲು ನಿಲ್ಲದಾಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆಯೂ ಬಿತ್ತು. ರೇಷ್ಮೆ ಕಾಸು ನಿಂತಿತು. ಗೇಣಿ, ತೆರಿಗೆ, ಮದುವೆ, ಸಾವು ಯಾವುದೂ ನಿಲ್ಲಲಿಲ್ಲ. ಜನ ಸಾಲ ಮಾಡಿದರು, ಸಾಲ ತೀರದೆ ಜಮೀನಿನ ಹಕ್ಕು ಪೇಟೆಯ ಸಾಹುಕಾರರ ಪಾಲಾಯಿತು. ಚೀನಾ ರೇಷ್ಮೆ ಬಂದಾಗ ಗೂಡಿನ ಬೆಲೆ ಬೀಳುವುದನ್ನು ಕಂಡ ರಾಮನಗರ, ಶಿಡ್ಲಘಟ್ಟದ ರೈತರಿಗೆ ಈ ಕಥೆ ಬಿಡಿಸಿ ಹೇಳಬೇಕಾಗಿಲ್ಲ.

ಫೇ ಹೇಳಿದ್ದು ಒಂದೇ ಮಾತು. ಇಷ್ಟು ಜನ, ಇಷ್ಟು ಕಡಿಮೆ ಜಮೀನು ಇರುವ ಊರು ಬರೀ ಬೇಸಾಯದಿಂದ ಬದುಕಲಾರದು, ಇನ್ನೊಂದು ಕಸುಬು ಬೇಕೇ ಬೇಕು. 1957ರಲ್ಲಿ ಮತ್ತೆ ಆ ಊರಿಗೆ ಹೋದಾಗಲೂ ಅವರು ಅದನ್ನೇ ಕಂಡರು. ಧಾನ್ಯ ಜಾಸ್ತಿಯಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಅದೇ ವರ್ಷ ಅವರಿಗೆ 'ಬಲಪಂಥೀಯ', ಅಂದರೆ ಪಕ್ಷದ ವಿರೋಧಿ, ಅನ್ನುವ ಹಣೆಪಟ್ಟಿ ಬಿತ್ತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ಕಾಲ ಅವರ ಸಂಶೋಧನೆ ನಿಂತುಹೋಯಿತು. ಆಮೇಲೆ ದೇಶ ಅವರು ಹೇಳಿದ ದಾರಿಯನ್ನೇ ಹಿಡಿಯಿತು. ಆ ನಡುವಿನ ವರ್ಷಗಳಲ್ಲಿ ಆದದ್ದನ್ನು ನೋಡಿದರೆ ಸಂಕಟವಾಗುತ್ತದೆ.

ಜಮೀನು ಬಂತು, ನಾಲ್ಕೈದು ವರ್ಷದಲ್ಲಿ ಹೋಯಿತು

1949ರಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದರು. 1950ರಲ್ಲಿ ಭೂಸುಧಾರಣೆ ಕಾನೂನು ಬಂತು. ಪ್ರತಿ ಮನೆಗೂ ಒಂದು ವರ್ಗದ ಹೆಸರು ಕೊಟ್ಟರು. ಭೂಮಾಲೀಕ, ಶ್ರೀಮಂತ ರೈತ, ಮಧ್ಯಮ ರೈತ, ಬಡ ರೈತ. ಭೂಮಾಲೀಕರನ್ನು ಊರ ನಡುವೆ ನಿಲ್ಲಿಸಿ ವಿಚಾರಣೆ ಮಾಡಿದರು. ಲಕ್ಷಾಂತರ ಮಂದಿ ಜೀವ ಕಳೆದುಕೊಂಡರು. ಜಮೀನನ್ನು ಸುಮಾರು 30 ಕೋಟಿ ಬಡ ರೈತರಿಗೆ ಹಂಚಿದರು. ವರ್ಗದ ಹೆಸರು ಅಪ್ಪನಿಂದ ಮಕ್ಕಳಿಗೂ ದಾಟುತ್ತಿತ್ತು. ಭೂಮಾಲೀಕರ ಮೊಮ್ಮಗ ಅನ್ನುವ ಒಂದೇ ಕಾರಣಕ್ಕೆ ಮದುವೆಯಾಗದೆ ಉಳಿದವರಿದ್ದರು. ಈ ಹಣೆಪಟ್ಟಿಗಳನ್ನು ತೆಗೆದದ್ದು 1979ರಲ್ಲಿ.

ಜಮೀನು ರೈತರ ಕೈಯಲ್ಲಿ ಹೆಚ್ಚು ದಿನ ಇರಲಿಲ್ಲ. ಮೊದಲು ಮುಯ್ಯಾಳಿನ ಗುಂಪುಗಳು, ಆಮೇಲೆ ಸಹಕಾರ ಸಂಘಗಳು ಬಂದವು. 1956ರ ಹೊತ್ತಿಗೆ ಬಹುಪಾಲು ಜಮೀನು, ಎತ್ತು, ನೇಗಿಲು ಸಂಘದ ಪಾಲಾಗಿತ್ತು. 1958ರಲ್ಲಿ ಇಂಥ ಹಲವು ಸಂಘಗಳನ್ನು ಒಂದುಗೂಡಿಸಿದ ಕಮ್ಯೂನುಗಳು ಬಂದವು. ಒಂದೊಂದು ಕಮ್ಯೂನಿನಲ್ಲಿ ಸಾವಿರಾರು ಕುಟುಂಬಗಳು. ಅಡುಗೆಮನೆಯನ್ನೂ ಬಿಡಲಿಲ್ಲ. ಎಲ್ಲರೂ ಸಾಮೂಹಿಕ ಊಟದ ಮನೆಯಲ್ಲೇ ಉಣ್ಣಬೇಕು. ಎಷ್ಟೋ ಕಡೆ ಮನೆಯ ಕಬ್ಬಿಣದ ಬಾಣಲೆಗಳನ್ನು ಉಕ್ಕು ಮಾಡುತ್ತೇವೆಂದು ಹಿತ್ತಲ ಕುಲುಮೆಗೆ ಹಾಕಿ ಕರಗಿಸಿದರು.

ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಇಲ್ಲದ ಬೆಳೆಯ ಲೆಕ್ಕ ಕಳಿಸಿದರು. ಆ ಲೆಕ್ಕ ನಂಬಿ ಸರ್ಕಾರ ಧಾನ್ಯ ಎತ್ತಿಕೊಂಡು ಹೋಯಿತು. ಉಣ್ಣಲು ಉಳಿಯಲಿಲ್ಲ. 1959ರಿಂದ 1961ರವರೆಗಿನ ಬರಗಾಲದಲ್ಲಿ ಸತ್ತವರ ಅಂದಾಜು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿವರೆಗೆ ಇದೆ. ಸತ್ತವರಲ್ಲಿ ಬಹುಪಾಲು ಧಾನ್ಯ ಬೆಳೆದ ಹಳ್ಳಿಯವರೇ.

ಬರಗಾಲದ ನಂತರ ಊಟದ ಮನೆಗಳು ಮುಚ್ಚಿದವು. ಲೆಕ್ಕವನ್ನು ಇಪ್ಪತ್ತು ಮೂವತ್ತು ಮನೆಗಳ ಚಿಕ್ಕ ತಂಡಕ್ಕೆ ಇಳಿಸಿದರು. ಬೆಳಗಾದರೆ ಗಂಟೆ ಬಾರಿಸುತ್ತಾರೆ, ಎಲ್ಲರೂ ಒಟ್ಟಿಗೆ ಗದ್ದೆಗೆ ಹೋಗಬೇಕು. ದಿನದ ಕೆಲಸಕ್ಕೆ ಅಂಕ. ಗಟ್ಟಿಮುಟ್ಟಾದ ಗಂಡಾಳಿಗೆ ಹತ್ತು ಅಂಕ, ಹೆಣ್ಣಾಳಿಗೆ ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ವರ್ಷದ ಕೊನೆಗೆ ಸರ್ಕಾರದ ಪಾಲು ಹೋದ ಮೇಲೆ ಉಳಿದದ್ದನ್ನು ತಲೆ ಲೆಕ್ಕ, ಅಂಕದ ಲೆಕ್ಕ ನೋಡಿ ಹಂಚುತ್ತಿದ್ದರು. ಬೆವರು ಸುರಿಸಿದವರಿಗೂ ಸುಮ್ನೆ ನಿಂತವರಿಗೂ ಹೆಚ್ಚುಕಡಿಮೆ ಅದೇ ಅಂಕ.

ಆ ಕಾಲದ ಒಳ್ಳೆಯದನ್ನೂ ಹೇಳಬೇಕು. ಕಾಲುವೆ, ಕೆರೆಗಳು ಆದವು. ಹಳ್ಳಿಗಳಿಗೆ ಶಾಲೆ ಬಂತು. 1968ರ ನಂತರ, ಕೆಲವು ತಿಂಗಳ ತರಬೇತಿ ಪಡೆದ ಊರವರೇ 'ಬರಿಗಾಲ ವೈದ್ಯ'ರಾಗಿ ಚುಚ್ಚುಮದ್ದು ಹಾಕಿದರು, ಹೆರಿಗೆ ಮಾಡಿಸಿದರು. 1949ರಲ್ಲಿ 40 ವರ್ಷಕ್ಕೂ ಕಡಿಮೆ ಇದ್ದ ಚೀನೀಯರ ಸರಾಸರಿ ಆಯಸ್ಸು 1980ರ ಹೊತ್ತಿಗೆ 65 ದಾಟಿತ್ತು.

ಹುಕೌ: ಊರಿಗೆ ಕಟ್ಟಿದ ಹಗ್ಗ

ಎರಡನೆಯ ಪ್ರಶ್ನೆಗೆ ಬರೋಣ. 1958ರ ಜನವರಿಯಲ್ಲಿ ಹುಕೌ ನಿಯಮ ಗಟ್ಟಿಯಾಯಿತು. ಹುಕೌ ಅಂದರೆ ಕುಟುಂಬ ನೋಂದಣಿ. ಪ್ರತಿಯೊಬ್ಬರೂ ಒಂದು ಊರಿಗೆ ಸೇರಿದವರು, ಜೊತೆಗೆ 'ಕೃಷಿ' ಅಥವಾ 'ಕೃಷಿಯೇತರ' ಅನ್ನುವ ಗುರುತು. ಮಗುವಿಗೆ ಈ ಗುರುತು ಬಹುಕಾಲ ತಾಯಿಯಿಂದ ಬರುತ್ತಿತ್ತು.

ನಮ್ಮ ರೀತಿಯಲ್ಲಿ ಹೇಳುವುದಾದರೆ, ನಿಮ್ಮ ರೇಷನ್ ಕಾರ್ಡು, ಮಗುವಿನ ಶಾಲೆಯ ಸೀಟು, ಆಸ್ಪತ್ರೆಯ ರಿಯಾಯಿತಿ, ಮುಪ್ಪಿನ ಪಿಂಚಣಿ ಎಲ್ಲವನ್ನೂ ಹುಟ್ಟೂರಿಗೆ ಕಟ್ಟಿಹಾಕಿ, ಬೆಂಗಳೂರಿಗೆ ಬಂದರೆ ಇವು ಯಾವುದೂ ಇಲ್ಲ ಅಂದಂತೆ. ಆಗ ಚೀನಾದ ಪೇಟೆಗಳಲ್ಲಿ ಅಕ್ಕಿ, ಎಣ್ಣೆ, ಬಟ್ಟೆ ಕೊಳ್ಳಲು ಚೀಟಿ ಬೇಕಿತ್ತು. ಧಾನ್ಯದ ಚೀಟಿ ಸಿಗುತ್ತಿದ್ದದ್ದು ಪೇಟೆಯ ಹುಕೌ ಇದ್ದವರಿಗೆ. ಅಂದಮೇಲೆ ಹಳ್ಳಿಯವರು ಊರು ಬಿಟ್ಟು ಬಂದರೂ ಉಣ್ಣುವುದು ಎಲ್ಲಿ?

ಯಾಕೆ ಹೀಗೆ ಮಾಡಿದರು? ಕಾರ್ಖಾನೆಗಳನ್ನು ಬೇಗ ಕಟ್ಟಬೇಕಿತ್ತು. ಕೆಲಸಗಾರರಿಗೆ ಅಗ್ಗದ ಅನ್ನ ಬೇಕಿತ್ತು. ಧಾನ್ಯವನ್ನು ಸರ್ಕಾರ ಕಡಿಮೆ ಬೆಲೆಗೆ ಹಳ್ಳಿಯಿಂದ ಕೊಳ್ಳುತ್ತಿತ್ತು. ಹಳ್ಳಿಗರೆಲ್ಲ ಪೇಟೆಗೆ ಬಂದರೆ ಈ ಲೆಕ್ಕ ನಿಲ್ಲುವುದಿಲ್ಲ. 1960 ಮತ್ತು 70ರ ದಶಕಗಳಲ್ಲಿ ಪಯಣ ಉಲ್ಟಾ ದಿಕ್ಕಿಗೂ ಆಯಿತು. ಪೇಟೆಯ ಒಂದೂವರೆ ಕೋಟಿಗೂ ಜಾಸ್ತಿ ಯುವಕ ಯುವತಿಯರನ್ನು ಹಳ್ಳಿಗೆ ಕಳಿಸಿದರು. ಈಗಿನ ಅಧ್ಯಕ್ಷ ಶಿ ಜಿನ್‌ಪಿಂಗ್ ಕೂಡ ಹಾಗೆ 1969ರಲ್ಲಿ ಶಾನ್ಶಿ ಪ್ರಾಂತ್ಯದ ಒಂದು ಹಳ್ಳಿಗೆ ಹೋದವರು.

ಹದಿನೆಂಟು ಮನೆಗಳ ಹೆಬ್ಬೆಟ್ಟು

ಆನ್‌ಹುಯ್ ಪ್ರಾಂತ್ಯದ ಫೆಂಗ್‌ಯಾಂಗ್ ಕೌಂಟಿ ಭಿಕ್ಷೆಗೆ ಹೆಸರಾಗಿತ್ತು. ಬೆಳೆ ಕೈಕೊಟ್ಟ ವರ್ಷ ಜನ ಚಿಕ್ಕ ಡೋಲು ಕಟ್ಟಿಕೊಂಡು, ಹಾಡುತ್ತಾ ಊರೂರು ಬೇಡಲು ಹೋಗುತ್ತಿದ್ದರು. 1978ರಲ್ಲಿ ಆನ್‌ಹುಯ್‌ಗೆ ದೊಡ್ಡ ಬರ ಬಂತು. ಆ ವರ್ಷದ ಕೊನೆಯಲ್ಲಿ ಅಲ್ಲಿನ ಶ್ಯಾವ್‌ಗಾಂಗ್ ಅನ್ನುವ ಊರಿನ ಹದಿನೆಂಟು ರೈತರು ರಾತ್ರಿ ಒಂದು ಹುಲ್ಲುಮನೆಯಲ್ಲಿ ಗುಟ್ಟಾಗಿ ಸೇರಿದರು. ಗದ್ದೆಗಳನ್ನು ಮನೆಮನೆಗೆ ಹಂಚಿಕೊಳ್ಳೋಣ ಅಂತ ತೀರ್ಮಾನಿಸಿದರು. ಅಂದಿನ ಕಾನೂನಿನಲ್ಲಿ ಅದು ಅಪರಾಧ.

ಒಂದು ಹಾಳೆಯಲ್ಲಿ ಕರಾರು ಬರೆದು ಹೆಬ್ಬೆಟ್ಟು ಒತ್ತಿದರು. ಸರ್ಕಾರಕ್ಕೆ ಕೊಡಬೇಕಾದ ಧಾನ್ಯವನ್ನು ಪ್ರತಿ ಮನೆಯೂ ಕೊಡುತ್ತದೆ, ಇನ್ನು ಮುಂದೆ ಸರ್ಕಾರದ ಮುಂದೆ ಕೈ ಚಾಚುವುದಿಲ್ಲ ಅಂತ ಬರೆದರು. ಅದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಕೊನೆಯ ಸಾಲುಗಳು. ಇದು ಸೋತರೆ ಮುಂದಾಳುಗಳು ಜೈಲಿಗೆ ಹೋಗಲು, ತಲೆ ಕೊಡಲು ತಯಾರು. ಹಾಗೇನಾದರೂ ಆದರೆ ಅವರ ಮಕ್ಕಳನ್ನು ಹದಿನೆಂಟು ವರ್ಷ ತುಂಬುವವರೆಗೆ ಉಳಿದವರು ಸಾಕುತ್ತಾರೆ. ತಮ್ಮ ಗದ್ದೆಯನ್ನು ತಾವೇ ಉಳುವುದಕ್ಕೆ ಇಷ್ಟು ದೂರ ಯೋಚಿಸಬೇಕಾಗಿತ್ತು.

1979ರಲ್ಲಿ ಆ ಊರಲ್ಲಿ ಸುಮಾರು 66 ಸಾವಿರ ಕಿಲೊ ಧಾನ್ಯ ಬಂತು. 1966ರಿಂದ 1970ರವರೆಗಿನ ಐದು ವರ್ಷದ ಬೆಳೆ ಸೇರಿಸಿದರೆ ಆಗುವಷ್ಟು. ಪ್ರಾಂತ್ಯದ ಮುಖ್ಯಸ್ಥ ವಾನ್ ಲಿ ಇವರ ಬೆನ್ನಿಗೆ ನಿಂತರು. ಆನ್‌ಹುಯ್‌ನ ಬೇರೆ ಕಡೆಯೂ, ಸಿಚುವಾನ್‌ನಲ್ಲೂ ಆ ಹೊತ್ತಿಗೆ ಇಂಥ ಪ್ರಯತ್ನಗಳು ನಡೆಯುತ್ತಿದ್ದವು. 1980ರಲ್ಲಿ ದೇಶದ ಆಗಿನ ಮುಂದಾಳು ಡೆಂಗ್ ಶ್ಯಾವ್‌ಪಿಂಗ್ ಒಪ್ಪಿಗೆಯ ಮಾತಾಡಿದರು, 1982ರಲ್ಲಿ ಕೇಂದ್ರ ಸರ್ಕಾರ ಅಧಿಕೃತ ಮಾಡಿತು. 1984ರ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಹಳ್ಳಿಗಳಲ್ಲೂ ಕಮ್ಯೂನು ಕರಗಿತ್ತು.

ರೈತರು ಹೊಸ ಪದ್ಧತಿಯನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು: ಸರ್ಕಾರದ್ದು ಕೊಟ್ಟುಬಿಡು, ಊರಿನದ್ದು ಎತ್ತಿಡು, ಮಿಕ್ಕಿದ್ದೆಲ್ಲ ನಿನ್ನದೇ. ದೇಶದ ಧಾನ್ಯ 1978ರಲ್ಲಿ 30 ಕೋಟಿ ಟನ್ ಆಸುಪಾಸು ಇದ್ದದ್ದು 1984ರಲ್ಲಿ 40 ಕೋಟಿ ದಾಟಿತು. ಜಮೀನು ಹಂಚಿದ್ದೊಂದೇ ಕಾರಣವಲ್ಲ. ಸರ್ಕಾರ ಖರೀದಿ ಬೆಲೆ ಏರಿಸಿತ್ತು, ಗೊಬ್ಬರ ಸಿಗುತ್ತಿತ್ತು, ಹೈಬ್ರಿಡ್ ಭತ್ತ ಬಂದಿತ್ತು.

ಇಲ್ಲಿ ಒಂದು ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು. ಜಮೀನು ರೈತರ ಸ್ವಂತದ್ದಾಗಲಿಲ್ಲ. ನಮ್ಮಲ್ಲಿ ಪಹಣಿಯಲ್ಲಿ ಮಾಲೀಕರ ಹೆಸರಿರುತ್ತದೆ, ಜಮೀನನ್ನು ಮಾರಬಹುದು. ಚೀನಾದಲ್ಲಿ ಹಳ್ಳಿಯ ಜಮೀನಿನ ಮಾಲೀಕತ್ವ ಇಂದಿಗೂ ಊರ ಸಮುದಾಯದ್ದು. ಕುಟುಂಬಕ್ಕೆ ಸಿಗುವುದು ಇಷ್ಟು ವರ್ಷ ಉಳುವ ಹಕ್ಕು. ಗೇಣಿಗೆ ಕೊಡಬಹುದು, ಮಾರುವಂತಿಲ್ಲ. ಮನೆ ಕಟ್ಟುವ ನಿವೇಶನದ್ದೂ ಇದೇ ಕಥೆ. ಒಂದು ಕುಟುಂಬಕ್ಕೆ ಒಂದು ನಿವೇಶನ, ಪೇಟೆಯವರಿಗೆ ಮಾರುವಂತಿಲ್ಲ.

ಊರು ಬಿಟ್ಟವರು

ಹೊಟ್ಟೆ ತುಂಬಿತು. ಆದರೆ ಒಂದೂಕಾಲು ಎಕರೆಯಿಂದ ಶ್ರೀಮಂತರಾಗಲು ಆಗುತ್ತದೆಯೇ? ಶ್ಯಾವ್‌ಗಾಂಗ್‌ಗೂ ಆಗಲಿಲ್ಲ. ಇಪ್ಪತ್ತು ವರ್ಷ ಕಳೆದರೂ ಆ ಊರು ಹಸಿವು ದಾಟಿದ ಜಾಗದಲ್ಲೇ ನಿಂತಿತ್ತು.

1980ರ ದಶಕದಲ್ಲಿ ಮೊದಲು ಕೆಲಸ ಹಳ್ಳಿಗೇ ಬಂತು. ಕಮ್ಯೂನು ಬಿಟ್ಟುಹೋದ ಚಿಕ್ಕ ಕಾರ್ಖಾನೆಗಳು ಬೆಳೆದವು. ಇಟ್ಟಿಗೆ, ಬಟ್ಟೆ, ಗುಂಡಿ, ಪ್ಲಾಸ್ಟಿಕ್, ಏನೆಲ್ಲ ತಯಾರಾದವು. 1990ರ ದಶಕದ ನಡುವಿಗೆ ಇವು ಸುಮಾರು 13 ಕೋಟಿ ಜನರಿಗೆ ಕೆಲಸ ಕೊಟ್ಟಿದ್ದವು. ಫೇ ಬಹಳ ಹಿಂದೆ ಹೇಳಿದ್ದು ಇದನ್ನೇ ಅಲ್ವಾ. ಅವರು 1981ರಲ್ಲಿ ಕೈಶ್ಯೆನ್‌ಗೊಂಗ್‌ಗೆ ಹೋದಾಗ ಅದು ಕಣ್ಣೆದುರೇ ನಡೆಯುತ್ತಿತ್ತು. ಆಮೇಲೂ 2005ರಲ್ಲಿ ತೀರಿಕೊಳ್ಳುವ ಮುಂಚಿನವರೆಗೆ ಮತ್ತೆ ಮತ್ತೆ ಆ ಊರಿಗೆ ಹೋಗುತ್ತಲೇ ಇದ್ದರು.

ಆದರೆ ಈ ಕಾರ್ಖಾನೆಗಳು ಬೆಳೆದದ್ದು ಕರಾವಳಿಯ ಕಡೆ. ಒಳನಾಡಿನ ಸಿಚುವಾನ್, ಹೆನಾನ್, ಆನ್‌ಹುಯ್ ಹಳ್ಳಿಗಳ ಹುಡುಗ ಹುಡುಗಿಯರು ರೈಲು ಹತ್ತಿ ಶೆನ್‌ಜೆನ್, ಡೊಂಗ್‌ಗ್ವಾನ್, ಶಾಂಘೈ ಕಡೆ ಹೊರಟರು. ಚೀಟಿ ಪದ್ಧತಿ ಹೋಗಿತ್ತು. ಪೇಟೆಯಲ್ಲಿ ದುಡ್ಡು ಕೊಟ್ಟು ಉಣ್ಣಬಹುದಿತ್ತು. ಹುಕೌ ಮಾತ್ರ ಊರಲ್ಲೇ ಉಳಿಯಿತು. ಇವರನ್ನು 'ರೈತ ಕಾರ್ಮಿಕರು' ಅಂತ ಕರೆಯುತ್ತಾರೆ. ಇಪ್ಪತ್ತು ವರ್ಷ ಕಾರ್ಖಾನೆಯಲ್ಲಿ ದುಡಿದರೂ ಕಾಗದದಲ್ಲಿ ಅವರು ರೈತರೇ. 2003ರವರೆಗೆ ಕಾಗದ ಸರಿಯಿಲ್ಲದವರನ್ನು ಪೊಲೀಸರು ಹಿಡಿದು ಊರಿಗೆ ವಾಪಸ್ ಅಟ್ಟಬಹುದಿತ್ತು. ಗುವಾಂಗ್‌ಜೌನಲ್ಲಿ ಹಾಗೆ ಹಿಡಿದ ಒಬ್ಬ ಯುವಕ ಹೊಡೆತ ತಿಂದು ಸತ್ತ ಮೇಲೆ ಆ ನಿಯಮ ಹೋಯಿತು.

2024ರಲ್ಲಿ, ಊರ ಹತ್ತಿರವೇ ಬೇಸಾಯದಾಚೆಯ ಕೆಲಸ ಮಾಡುವವರೂ ಸೇರಿ, ರೈತ ಕಾರ್ಮಿಕರ ಸಂಖ್ಯೆ 30 ಕೋಟಿಗೆ ಸ್ವಲ್ಪವೇ ಕಡಿಮೆ. ಅವರ ಸರಾಸರಿ ವಯಸ್ಸು 43 ದಾಟಿದೆ. 1990ರ ದಶಕದಲ್ಲಿ ಹದಿನೆಂಟು ಇಪ್ಪತ್ತರ ವಯಸ್ಸಿನಲ್ಲಿ ಹೋದವರು ಈಗ ಐವತ್ತರ ಹತ್ತಿರ ಬಂದಿದ್ದಾರೆ.

ಊರಿಗೆ ಅವರಿಂದ ಬಂದದ್ದು ದುಡ್ಡು. ಆ ದುಡ್ಡಿನಿಂದ ಎದ್ದದ್ದೇ ನಾವು ವಿಡಿಯೊಗಳಲ್ಲಿ ನೋಡುವ ಮೂರಂತಸ್ತಿನ ಮನೆಗಳು. ಮಗನ ಮದುವೆಗೆ ಹೊಸ ಮನೆ ಬೇಕು, ಊರಿನ ಮರ್ಯಾದೆ ಬೇಕು, ಕೊನೆಗೆ ವಾಪಸ್ ಬರಲು ಒಂದು ಜಾಗ ಬೇಕು. ಹಾಗಾಗಿ ಹತ್ತಾರು ವರ್ಷ ದುಡಿದು ಮನೆ ಕಟ್ಟುತ್ತಾರೆ. ಕೆಳಗಿನ ಒಂದು ಕೋಣೆಯಲ್ಲಿ ಅಜ್ಜಿ ಇರುತ್ತಾಳೆ, ಮೇಲಿನ ಅಂತಸ್ತುಗಳು ಖಾಲಿ. ಮಗ, ಸೊಸೆ ಬರುವುದು ವಸಂತ ಹಬ್ಬಕ್ಕೆ, ಅಂದರೆ ಚೀನೀ ಹೊಸ ವರ್ಷಕ್ಕೆ, ಕೆಲವೇ ದಿನ.

ಊರಲ್ಲಿ ಉಳಿದವರು

ಪೇಟೆಯ ಶಾಲೆಯಲ್ಲಿ ಸೀಟು ಸಿಗದ ಕಾರಣ ಮಕ್ಕಳನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟುಹೋಗುವುದು ರೂಢಿಯಾಯಿತು. 2013ರಲ್ಲಿ ಮಹಿಳಾ ಒಕ್ಕೂಟದ ಅಂದಾಜಿನಂತೆ ತಂದೆ ಅಥವಾ ತಾಯಿ ಹೊರಗಿರುವ ಇಂಥ ಮಕ್ಕಳು 6.1 ಕೋಟಿ. 2016ರಲ್ಲಿ ಸರ್ಕಾರ ಲೆಕ್ಕದ ರೀತಿ ಬದಲಿಸಿ, ನೋಡಿಕೊಳ್ಳುವ ಹೆತ್ತವರೇ ಮನೆಯಲ್ಲಿಲ್ಲದವರನ್ನು ಮಾತ್ರ ಎಣಿಸಿತು. ಆಗ ಬಂದದ್ದು 90 ಲಕ್ಷ. ಸಂಖ್ಯೆ ಇಳಿದದ್ದರಲ್ಲಿ ಬಹುಪಾಲು ಈ ಲೆಕ್ಕದ ಬದಲಾವಣೆಯದು, ಮಕ್ಕಳ ಪಾಡು ಅಷ್ಟು ಸುಧಾರಿಸಿತು ಅಂತ ಓದಿಕೊಳ್ಳಬಾರದು.

ಮಕ್ಕಳು ಕಡಿಮೆಯಾದಂತೆ ಶಾಲೆಗಳನ್ನು ಒಂದುಗೂಡಿಸಿದರು. 2000ದಿಂದ 2010ರ ನಡುವೆ ಹಳ್ಳಿಯ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಡಿಮೆ ಅರ್ಧ ಮುಚ್ಚಿದವು. ಎಷ್ಟೋ ಚಿಕ್ಕ ಮಕ್ಕಳು ದೂರದ ಹಾಸ್ಟೆಲ್ ಸೇರಿದರು.

ಒಂದು ಮಗು ನೀತಿಯ ನೆರಳು ಇಲ್ಲಿ ಇನ್ನೂ ಗಾಢವಾಗಿದೆ. ಬಹುಪಾಲು ಹಳ್ಳಿಗಳಲ್ಲಿ ಮೊದಲನೆಯದು ಹೆಣ್ಣಾದರೆ ಮಾತ್ರ ಎರಡನೆಯ ಮಗುವಿಗೆ ಒಪ್ಪಿಗೆ ಇತ್ತು. ಆ ನಿಯಮದಲ್ಲೇ ಗಂಡು ಮಗುವಿನ ಆಸೆ ಕೂತಿತ್ತು. 2000ದ ದಶಕದಲ್ಲಿ ನೂರು ಹೆಣ್ಣು ಮಕ್ಕಳಿಗೆ ಸುಮಾರು 120 ಗಂಡು ಮಕ್ಕಳು ಹುಟ್ಟುತ್ತಿದ್ದರು. ಹೆಣ್ಣುಮಕ್ಕಳು ಕೆಲಸ ಹುಡುಕಿ ಪೇಟೆಗೆ ಹೋದವರು ಅಲ್ಲೇ ಮದುವೆಯಾದರು. ಗುಡ್ಡಗಾಡಿನ ಬಡ ಊರುಗಳಲ್ಲಿ ಗಂಡಸರು ಒಂಟಿಯಾಗಿ ಉಳಿದರು. ಗಂಡಿನ ಮನೆಯವರು ಹೆಣ್ಣಿನ ಮನೆಗೆ ಕೊಡುವ ತೆರದ ಹಣ ಏರುತ್ತಲೇ ಹೋಯಿತು.

ಮುಪ್ಪಿನ ಮಾತು ಇನ್ನೂ ಕಷ್ಟದ್ದು. 2020ರ ಜನಗಣತಿಯಲ್ಲಿ ಹಳ್ಳಿಯವರಲ್ಲಿ ನೂರಕ್ಕೆ 24 ಮಂದಿ 60 ದಾಟಿದವರು, ಪೇಟೆಯಲ್ಲಿ 16. ಹಳ್ಳಿಗರಿಗೆ ಪಿಂಚಣಿ ಶುರುವಾದದ್ದು 2009ರಲ್ಲಿ, ತಿಂಗಳಿಗೆ ಕನಿಷ್ಠ 55 ಯುವಾನ್. 2025ರಲ್ಲಿ ಆ ಕನಿಷ್ಠ ಮೊತ್ತ 143 ಯುವಾನ್. ಪೇಟೆಯಲ್ಲಿ ನಿವೃತ್ತರಾದ ನೌಕರರಿಗೆ ಸಾವಿರಗಳಲ್ಲಿ ಬರುತ್ತದೆ. ಎಪ್ಪತ್ತು ದಾಟಿದವರೂ ಗದ್ದೆಯಲ್ಲಿ ಕಾಣುವುದಕ್ಕೆ ಈ ಅಂತರವೂ ಒಂದು ಕಾರಣ.

ಸರ್ಕಾರ ದಿಕ್ಕು ಬದಲಿಸಿದ್ದು

ಶತಮಾನಗಳಿಂದ ಹಳ್ಳಿಯಿಂದ ದುಡ್ಡು ಮೇಲಕ್ಕೆ ಹೋಗುತ್ತಿತ್ತು. 1990ರ ದಶಕದಲ್ಲಿ ಸ್ಥಳೀಯ ಅಧಿಕಾರಿಗಳ ಶುಲ್ಕಗಳ ಹೊರೆ ಎಷ್ಟು ಏರಿತೆಂದರೆ ಅಲ್ಲಲ್ಲಿ ರೈತರು ದಂಗೆಯೆದ್ದರು. 2006ರ ಜನವರಿ 1ರಂದು ಕೃಷಿ ತೆರಿಗೆಯನ್ನೇ ತೆಗೆದುಹಾಕಿದರು. ಅಲ್ಲಿಂದ ಹರಿವು ತಿರುಗಿತು. ಶಾಲೆಯ ಶುಲ್ಕ ಹೋಯಿತು, ಆರೋಗ್ಯ ವಿಮೆ ಬಂತು, ಊರೂರಿಗೆ ಕಾಂಕ್ರೀಟ್ ರಸ್ತೆ, ಇಂಟರ್ನೆಟ್ ಬಂತು. ಸರ್ಕಾರದ ಲೆಕ್ಕದಂತೆ 2012ರ ನಂತರದ ಎಂಟು ವರ್ಷಗಳಲ್ಲಿ 9.9 ಕೋಟಿ ಹಳ್ಳಿಗರು ಬಡತನದ ಗೆರೆ ದಾಟಿದರು. 96 ಲಕ್ಷ ಜನರನ್ನು ಗುಡ್ಡದ ಮೇಲಿನ ಊರುಗಳಿಂದ ಕೆಳಗೆ ಹೊಸ ಮನೆಗಳಿಗೆ ಸಾಗಿಸಿದರು. ಪೇಟೆಯ ಆದಾಯ 2009ರ ಆಸುಪಾಸು ಹಳ್ಳಿಯದ್ದಕ್ಕಿಂತ ಮೂರು ಪಟ್ಟಿಗೂ ಜಾಸ್ತಿ ಇತ್ತು. 2024ರಲ್ಲಿ ಅದು 2.3 ಪಟ್ಟು.

ಊರಿನ ಆಡಳಿತಕ್ಕೆ ಗ್ರಾಮ ಸಮಿತಿ ಇದೆ. 1987ರಲ್ಲಿ ಪ್ರಯೋಗವಾಗಿ, 1998ರಲ್ಲಿ ಕಾಯಂ ಆಗಿ ಬಂದ ಕಾನೂನಿನಂತೆ ಅದಕ್ಕೆ ಊರವರೇ ಓಟು ಹಾಕುತ್ತಾರೆ. ಪಕ್ಕದಲ್ಲೇ ಕಮ್ಯುನಿಸ್ಟ್ ಪಕ್ಷದ ಕಾರ್ಯದರ್ಶಿ ಇರುತ್ತಾರೆ. ಈಗ ಬಹುಪಾಲು ಊರುಗಳಲ್ಲಿ ಸಮಿತಿಯ ಮುಖ್ಯಸ್ಥ, ಪಕ್ಷದ ಕಾರ್ಯದರ್ಶಿ ಇಬ್ಬರೂ ಒಬ್ಬರೇ. ಊರವರ ಮಾತು ಎಲ್ಲಿವರೆಗೆ ನಡೆಯುತ್ತದೆ ಅನ್ನುವುದು ಗುವಾಂಗ್‌ಡಾಂಗ್‌ನ ವುಕಾನ್‌ನಲ್ಲಿ ಕಂಡಿತು. ಅಧಿಕಾರಿಗಳು ಊರ ಜಮೀನನ್ನು ಮಾರಿದ್ದರ ವಿರುದ್ಧ 2011ರಲ್ಲಿ ಊರೇ ಎದ್ದು ನಿಂತಿತು. 2012ರಲ್ಲಿ ಹೊಸ ಚುನಾವಣೆಯಾಯಿತು, ಹೋರಾಟದ ಮುಂದಾಳು ಗೆದ್ದರು. 2016ರಲ್ಲಿ ಅವರು ಜೈಲು ಸೇರಿದರು.

ಎಲ್ಲ ಊರೂ ಒಂದೇ ದಾರಿ ಹಿಡಿಯಲಿಲ್ಲ

ಶೆನ್‌ಜೆನ್ ಸುತ್ತಲಿನ ರೈತರು ಎಲ್ಲಿಗೂ ಹೋಗಲಿಲ್ಲ, ನಗರವೇ ಅವರ ಗದ್ದೆಗೆ ಬಂತು. ಗದ್ದೆ ಹೋಯಿತು, ಮನೆ ನಿವೇಶನ ಉಳಿಯಿತು. ಅದರ ಮೇಲೆ ಏಳೆಂಟು ಅಂತಸ್ತು ಎಬ್ಬಿಸಿ ರೈತ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟರು. ಎದುರುಬದುರು ಕಿಟಕಿಯಿಂದ ಕೈ ಕುಲುಕಬಹುದಾದಷ್ಟು ಒತ್ತೊತ್ತಾದ ಕಟ್ಟಡಗಳು. ಇಂಥ ಜಾಗಗಳನ್ನು 'ನಗರದೊಳಗಿನ ಹಳ್ಳಿ' ಅನ್ನುತ್ತಾರೆ.

ಜಿಯಾಂಗ್ಸುವಿನ ಉತ್ತರದ ಶಾಜಿ ಪಟ್ಟಣಕ್ಕೆ ಸೇರಿದ ಡೊಂಗ್‌ಫೆಂಗ್ ಹಳ್ಳಿಯದ್ದು ಇನ್ನೊಂದು ಕಥೆ. ಅಲ್ಲಿನವರು ಹಂದಿ ಸಾಕುತ್ತಿದ್ದರು, ಹಳೆ ಪ್ಲಾಸ್ಟಿಕ್ ಆರಿಸಿ ಮಾರುತ್ತಿದ್ದರು. 2006ರ ಸುಮಾರಿಗೆ ಊರಿಗೆ ವಾಪಸಾದ ಯುವಕನೊಬ್ಬ ಅಲಿಬಾಬಾ ಕಂಪನಿಯ ಆನ್‌ಲೈನ್ ಮಾರಾಟ ತಾಣವಾದ ಟಾವೊಬಾವೊದಲ್ಲಿ ಅಂಗಡಿ ತೆರೆದ. ಶಾಂಘೈನ ಐಕಿಯಾದಲ್ಲಿ ಸರಳ ಮರದ ಕಪಾಟುಗಳನ್ನು ನೋಡಿ ಬಂದು, ಊರ ಬಡಗಿಗಳಿಂದ ಅಂಥದ್ದನ್ನೇ ಮಾಡಿಸಿ ಮಾರಿದ. ನೆರೆಯವರು ಕಲಿತರು. ಕೆಲವೇ ವರ್ಷಗಳಲ್ಲಿ ಮನೆಯಂಗಳಗಳೆಲ್ಲ ಗರಗಸದ ಸದ್ದು, ರಟ್ಟಿನ ಡಬ್ಬಿ, ಕೊರಿಯರ್ ಲಾರಿ. 2009ರಲ್ಲಿ ಅಲಿಬಾಬಾ ಗುರುತಿಸಿದ 'ಟಾವೊಬಾವೊ ಹಳ್ಳಿ'ಗಳು ಮೂರು, 2022ರಲ್ಲಿ 7,780. ಅವುಗಳಲ್ಲಿ ಬಹುಪಾಲು ಕರಾವಳಿ ಪ್ರಾಂತ್ಯಗಳಲ್ಲೇ ಇವೆ. ಗುಡ್ಡದ ಊರುಗಳಿಗೆ ಈ ಅದೃಷ್ಟ ಸುಲಭಕ್ಕೆ ಬರಲಿಲ್ಲ. ಕೆಲವು ಊರುಗಳು ಸುಮ್ನೆ ಇಲ್ಲವಾದವು. 2000ದಿಂದ 2010ರ ನಡುವೆ ಲಕ್ಷಗಟ್ಟಲೆ ಚಿಕ್ಕ ಊರುಗಳು ಲೆಕ್ಕದಿಂದ ಅಳಿಸಿಹೋದವು.

ಈಗ ಮುಗಿಯುತ್ತಿರುವ ಕರಾರು

ಉಳುವ ಹಕ್ಕಿನ ಮೊದಲ ಕರಾರು 15 ವರ್ಷದ್ದು. ಎರಡನೆಯದು 1990ರ ದಶಕದಲ್ಲಿ ಆಯಿತು, 30 ವರ್ಷಕ್ಕೆ. ಬಹುಪಾಲು ಹಳ್ಳಿಗಳಲ್ಲಿ ಅದು 2026ರಿಂದ 2028ರ ಒಳಗೆ ಮುಗಿಯುತ್ತದೆ. ಇನ್ನೂ 30 ವರ್ಷ ಮುಂದುವರಿಸುತ್ತೇವೆ ಅಂತ 2017ರಲ್ಲೇ ಸರ್ಕಾರ ಹೇಳಿದೆ. ಸುಮಾರು 20 ಕೋಟಿ ಕುಟುಂಬಗಳಿಗೆ ಅಳತೆ ಮಾಡಿ ಹಕ್ಕುಪತ್ರವನ್ನೂ ಕೊಟ್ಟಿದೆ.

ಕೇಳಲು ಸರಳ. ಕಷ್ಟ ಇರುವುದು ಒಳಗೆ. ಎರಡನೆಯ ಕರಾರಿನಲ್ಲಿ, ಜನ ಹೆಚ್ಚಿದರೂ ಜಮೀನು ಹೆಚ್ಚಿಸಬೇಡಿ, ಕಡಿಮೆಯಾದರೂ ಕಿತ್ತುಕೊಳ್ಳಬೇಡಿ ಅನ್ನುವ ನೀತಿ ಬಂತು. ಮೊದಲ ಕರಾರಿನ ಕಾಲದಲ್ಲಿ ಪದೇಪದೇ ಮರುಹಂಚಿಕೆ ಕಂಡ ರೈತರಿಗೆ, ಗದ್ದೆಗೆ ಗೊಬ್ಬರ ಹಾಕಲು ಧೈರ್ಯ ಬರಲಿ ಅಂತ ಮಾಡಿದ ನೀತಿ ಅದು. ಪರಿಣಾಮ ಏನೆಂದರೆ, ಎಷ್ಟೋ ಊರುಗಳಲ್ಲಿ ಜಮೀನಿನ ಲೆಕ್ಕ 1998ರ ಕುಟುಂಬದ ಮೇಲೇ ನಿಂತಿದೆ. ತೀರಿಕೊಂಡ ಅಜ್ಜನ ಪಾಲು ಮನೆಯಲ್ಲೇ ಇದೆ. 2000ದಲ್ಲಿ ಹುಟ್ಟಿದ ಮೊಮ್ಮಗಳಿಗೆ ಬೇರೆ ಪಾಲಿಲ್ಲ. ಮದುವೆಯಾಗಿ ಹೋದ ಹೆಣ್ಣುಮಗಳ ಪಾಡು ಇನ್ನೂ ಬಿಗಿ. ತವರಿನ ಊರು ನೀನು ಹೊರಗಿನವಳು ಅನ್ನುತ್ತದೆ, ಗಂಡನ ಊರಲ್ಲಿ ಹಂಚಲು ಜಮೀನಿಲ್ಲ. 2025ರ ಮೇ 1ರಿಂದ ಜಾರಿಯಾದ ಹಳ್ಳಿ ಸಮುದಾಯ ಸಂಸ್ಥೆಗಳ ಕಾನೂನು, ಮದುವೆ ಅಥವಾ ವಿಚ್ಛೇದನದ ಕಾರಣ ಕೊಟ್ಟು ಹೆಣ್ಣುಮಕ್ಕಳ ಸದಸ್ಯತ್ವದ ಹಕ್ಕು ಕಸಿಯುವಂತಿಲ್ಲ ಅಂತ ಹೇಳುತ್ತದೆ. ಆದರೆ ಯಾರು ಸದಸ್ಯರು ಅಂತ ಹೆಸರು ಬರೆಯುವವರು ಅದೇ ಊರಿನವರು.

ಹಾಗಾದರೆ ಪೇಟೆಯಲ್ಲಿ ನೆಲೆಸಿದವರು ಊರಿನ ಹುಕೌ ಬಿಟ್ಟು ಪೇಟೆಯದನ್ನು ಪಡೆಯಬಹುದಲ್ಲ? ಚಿಕ್ಕ, ಮಧ್ಯಮ ನಗರಗಳಲ್ಲಿ ಈಗ ಅದು ಸುಲಭ. ಆದರೂ ಬಹಳ ಜನ ಬಿಡುತ್ತಿಲ್ಲ. 2023ರಲ್ಲಿ ಚೀನಾದ ನೂರಕ್ಕೆ 66 ಮಂದಿ ಪೇಟೆಯಲ್ಲಿದ್ದರು, ಪೇಟೆಯ ಹುಕೌ ಇದ್ದವರು 48 ಮಾತ್ರ. ನಡುವಿನ ಹದಿನೆಂಟರಲ್ಲಿ ಕೆಲವರಿಗೆ ಬೀಜಿಂಗ್, ಶಾಂಘೈನಂಥ ನಗರಗಳು ಬಾಗಿಲು ತೆರೆದಿಲ್ಲ. ಉಳಿದವರು ತಾವೇ ಬೇಡ ಅಂದವರು. ಕೆಲಸ ಹೋದರೆ, ಕಾಯಿಲೆ ಬಿದ್ದರೆ, ಮುಪ್ಪಾದರೆ ಅವರಿಗೆ ಇರುವ ಗ್ಯಾರಂಟಿ ಊರಿನ ಆ ಮನೆ, ಆ ಐದಾರು ಮು ಗದ್ದೆ. 2008ರ ಕೊನೆಯಲ್ಲಿ ಜಗತ್ತಿನ ಆರ್ಥಿಕ ಬಿಕ್ಕಟ್ಟಿಗೆ ಕರಾವಳಿ ಕಾರ್ಖಾನೆಗಳು ಮುಚ್ಚಿ ಸುಮಾರು ಎರಡು ಕೋಟಿ ಜನ ಕೆಲಸ ಕಳೆದುಕೊಂಡಾಗ, ಬಹುಪಾಲು ಮಂದಿಗೆ ಆಸರೆಯಾದದ್ದು ಊರೇ. ಹಾಗಾಗಿ ಅವರು ಗದ್ದೆಯನ್ನು ನೆರೆಯವರಿಗೋ ಕಂಪನಿಗೋ ಗೇಣಿಗೆ ಕೊಡುತ್ತಾರೆ, ಹಕ್ಕುಪತ್ರ ಇಟ್ಟುಕೊಳ್ಳುತ್ತಾರೆ. ದೇಶದ ಉಳುವ ಹಕ್ಕಿನ ಜಮೀನಿನಲ್ಲಿ ಮೂರನೇ ಒಂದು ಭಾಗಕ್ಕೂ ಜಾಸ್ತಿ ಈಗ ಹೀಗೆ ಬೇರೆಯವರ ಕೈಯಲ್ಲಿದೆ. ಹೊಸ ಕರಾರುಗಳು ನಡೆಯುವುದು 2050ರ ದಶಕದವರೆಗೆ. ಅವಕ್ಕೆ ಸಹಿ ಹಾಕುವ ಎಷ್ಟೋ ಯಜಮಾನರ ಮಕ್ಕಳು ಒಂದು ದಿನವೂ ಗದ್ದೆ ಕೆಲಸ ಮಾಡಿದವರಲ್ಲ.